ಗ್ರಂಥಕರ್ತನೇ ಪ್ರಕಾಶಕನಾದಾಗ: ಆಯವ್ಯಯ ವಿಚಾರ

ಗ್ರಂಥಕರ್ತನು ತನ್ನ ಗ್ರಂಥವನ್ನು ತಾನೇ ಅಚ್ಚು ಹಾಕಿಸಿ ಮಾರುವ ಪದ್ಧತಿಯು ಕನ್ನಡಕ್ಕೆ ಹೊಸದಲ್ಲ. ಗಳಗನಾಥರು (1869–1942) ತಮ್ಮ ಕಾದಂಬರಿಗಳ ಹೊರೆಯನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದುದು ಪ್ರಸಿದ್ಧವಾಗಿದೆ. ಮಾಸ್ತಿಯವರ ಅನೇಕ ಕೃತಿಗಳು ಅವರದೇ ಆದ ಜೀವನ ಕಾರ್ಯಾಲಯದಿಂದಲೂ, ಕುವೆಂಪುರವರವು ಉದಯರವಿ ಪ್ರಕಾಶನದಿಂದಲೂ, ಕಾರಂತರವು ಪುತ್ತೂರಿನ ಹರ್ಷ ಪ್ರಕಟಣಾಲಯದಿಂದಲೂ ಹೊರಬಂದುವು. ಇದನ್ನು ಕೆಲವರು ತ್ಯಾಗವೆಂದು ಕೊಂಡಾಡುವರು. ಕೆಲವರು ಲಾಭದ ಉಪಾಯವೆಂದೆಣಿಸುವರು. ಎರಡು ಮಾತಿಗೂ ಲೆಕ್ಕದ ಆಧಾರವು ಸಾಲದು.

ಇಲ್ಲಿ ಒಬ್ಬನೇ ಮನುಷ್ಯನು ಮೂರು ಪಾತ್ರಗಳನ್ನು ವಹಿಸಿರುತ್ತಾನೆ. ಬರೆಯುವವನು ಒಬ್ಬ; ಬಂಡವಾಳ ಹೂಡಿ ನಷ್ಟಕ್ಕೆ ತಲೆಯೊಡ್ಡುವವನು ಇನ್ನೊಬ್ಬ; ಓದುಗನನ್ನು ಹುಡುಕಿ ಮಾರುವವನು ಮತ್ತೊಬ್ಬ. ಕೈಗೆ ಬಂದ ಹಣವನ್ನು ಈ ಮೂವರಿಗೂ ಹಂಚಿ ನೋಡದ ಹೊರತು ಬರವಣಿಗೆಯ ಪ್ರತಿಫಲವೆಷ್ಟೆಂಬುದು ತಿಳಿಯದು.

ಉದಾಹರಣೆಗಾಗಿ ಒಂದು ಲೆಕ್ಕವನ್ನು ಕಲ್ಪಿಸಿಕೊಳ್ಳೋಣ. 500 ಪ್ರತಿಗಳ ಕಾಗದ, ಅಚ್ಚು, ರಟ್ಟುಗಳಿಗೆ 50,000 ರೂಪಾಯಿ ತಗುಲಿತೆನ್ನೋಣ. ಪ್ರತಿಯ ಬೆಲೆ 200 ರೂಪಾಯಿ. ಅಂಗಡಿಯವರಿಗೆ ಶೇಕಡ 35ರ ಕಮಿಷನ್ ಕಳೆದರೆ ಕೈಸೇರುವುದು 130 ರೂಪಾಯಿ. ಹಾಕಿದ ಹಣವು ಮರಳಬೇಕಾದರೆ 385 ಪ್ರತಿಗಳು ಮಾರಾಟವಾಗಬೇಕು. ವಿಮರ್ಶಕರಿಗೂ ಮಿತ್ರರಿಗೂ 50 ಗೌರವಪ್ರತಿಗಳು ಹೋಗಿ, ಮಿಕ್ಕ 450 ಪ್ರತಿಗಳೂ ಮಾರಿಹೋದರೆ ಬರುವುದು 58,500 ರೂಪಾಯಿ, ಉಳಿಯುವುದು 8,500. ಪ್ರಕಾಶಕನೊಬ್ಬನು ಶೇಕಡ 10ರ ರಾಯಲ್ಟಿಗೆ ಅದೇ ಗ್ರಂಥವನ್ನು ಪಡೆದು ಅಷ್ಟೇ ಪ್ರತಿಗಳನ್ನು ಮಾರಿದ್ದರೆ, ಸಾಲದ ಭಯವಿಲ್ಲದೆಯೇ ಗ್ರಂಥಕರ್ತನಿಗೆ 9,000 ರೂಪಾಯಿ ಸಲ್ಲುತ್ತಿತ್ತು.

ಹಾಗಾದರೆ ಲಾಭವೆಲ್ಲಿಂದ? ಆ 450ರಲ್ಲಿ 200 ಪ್ರತಿಗಳನ್ನು ಗ್ರಂಥಕರ್ತನು ಅಂಗಡಿಯ ನೆರವಿಲ್ಲದೆ ತಾನೇ ಮಾರಿದನೆಂದಿಟ್ಟುಕೊಳ್ಳಿ. ಕಮಿಷನ್ನಿನ 14,000 ರೂಪಾಯಿ ಅವನಲ್ಲೇ ನಿಂತು ಉಳಿತಾಯವು 22,500ಕ್ಕೆ ಏರುವುದು. ಆದರೆ ಆ ಹೆಚ್ಚುವರಿ ಹಣವು ಪ್ರತಿಭೆಯ ಫಲವಲ್ಲ. ನಡೆದ ಕಾಲಿನ ಕೂಲಿ. ಅದರಲ್ಲಿಯೇ ಪ್ರಯಾಣದ ಖರ್ಚೂ ಅಂಚೆಯ ವೆಚ್ಚವೂ ಸೇರಿವೆ. ಗಳಗನಾಥರ ಹೊರೆಯ ಅರ್ಥವಿದು. ಪುಸ್ತಕದಂಗಡಿಗಳು ವಿರಳವಾಗಿದ್ದ ಕಾಲದಲ್ಲಿ ಅವರು ಅಂಗಡಿಯವನ ಕೆಲಸವನ್ನೂ ತಾವೇ ಮಾಡಿದರು.

ಬಂಡವಾಳದ ತೊಡಕು ಇದಕ್ಕಿಂತ ಗಹನವಾದುದು. ಅಚ್ಚುಕೂಟಕ್ಕೆ ಹಣವನ್ನು ಒಂದೇ ಗಂಟಿನಲ್ಲಿ ಸಲ್ಲಿಸಬೇಕು. ಮಾರಾಟದ ಹಣವಾದರೋ ಹನಿಹನಿಯಾಗಿ ಬರುವುದು. ಸಾಲದ ಬಡ್ಡಿಗೆ ಆ ನಿಧಾನವಿಲ್ಲ. ಇದಕ್ಕೊಂದು ಪರಿಹಾರವನ್ನು ಜಿ. ಬಿ. ಜೋಶಿಯವರು 1933ರಲ್ಲಿ ಧಾರವಾಡದಲ್ಲಿ ಸ್ಥಾಪಿಸಿದ ಮನೋಹರ ಗ್ರಂಥಮಾಲೆಯು ತೋರಿಸಿತು. ಚಂದಾದಾರರು ನಿಶ್ಚಿತರಾಗಿದ್ದರೆ ಎಷ್ಟು ಪ್ರತಿ ಬೇಕೆಂಬುದು ಮೊದಲೇ ಗೊತ್ತಾಗುವುದು. ಒಂಟಿ ಗ್ರಂಥಕರ್ತನೂ ಮುಂಗಡ ಚಂದಾ ಎತ್ತಿ ಈ ಕ್ರಮವನ್ನು ಅನುಸರಿಸಬಹುದು. ಬೇಡಿಕೆಗೆ ತಕ್ಕಷ್ಟೇ ಪ್ರತಿ ತೆಗೆಯುವ ಇಂದಿನ ಮುದ್ರಣವು ಉಳಿಕೆ ಪ್ರತಿಗಳ ಭಾರವನ್ನು ಇಳಿಸುವುದಾದರೂ, ಪ್ರತಿಯೊಂದರ ವೆಚ್ಚವನ್ನು ಏರಿಸುತ್ತದೆ.

ಆದರೂ ಈ ಮಾರ್ಗದಲ್ಲಿ ಒಂದು ಸ್ಥಿರವಾದ ಲಾಭವುಂಟು. ಹಸ್ತಪ್ರತಿಯನ್ನು ಸರ್ವಹಕ್ಕುಗಳೊಡನೆ ಇಡಿಗಂಟಿಗೆ ಮಾರಿದವನಿಗೆ ಮರುಮುದ್ರಣದಲ್ಲಿ ಪಾಲಿಲ್ಲ. ತಾನೇ ಪ್ರಕಟಿಸಿದವನಿಗೆ ಹಕ್ಕು ಕೈಯಲ್ಲೇ ಉಳಿಯುವುದು. ಈಗ ಜಾರಿಯಲ್ಲಿರುವ 1957ರ ಕೃತಿಸ್ವಾಮ್ಯ ಅಧಿನಿಯಮದಂತೆ ಆ ಹಕ್ಕು ಗ್ರಂಥಕರ್ತನ ಆಯುಷ್ಯವಿಡೀ ಇದ್ದು, ಮರಣಾನಂತರ 60 ವರ್ಷಗಳವರೆಗೆ ವಾರಸುದಾರರಿಗೆ ಸಲ್ಲುವುದು. ಪಠ್ಯವಾಗಿಯೋ ಅನುವಾದವಾಗಿಯೋ ಗ್ರಂಥವು ಮತ್ತೆ ಬೆಳಕು ಕಂಡರೆ, ಮೊದಲ ಮುದ್ರಣದ ನಷ್ಟವು ತುಂಬಿಬರಬಹುದು.

ಇಷ್ಟರಿಂದ ಎರಡು ಸಂಗತಿಗಳು ಸಿದ್ಧವಾಗುತ್ತವೆ. ಮಾರಾಟದ ಸಂಖ್ಯೆಯಿಂದ ಕೃತಿಯ ಯೋಗ್ಯತೆಯನ್ನು ಅಳೆಯಲಾಗದು. ಅದು ಬಹುಮಟ್ಟಿಗೆ ಮಾರಿದವನ ಶ್ರಮವನ್ನು ಹೇಳುತ್ತದೆ. ಎರಡನೆಯದಾಗಿ, ಮೊದಲ ಸಂಕಲನವನ್ನು ಸಾಲ ಮಾಡಿ ಅಚ್ಚು ಹಾಕಿಸಬೇಕೆಂದು ಬರುವ ತರುಣರಿಗೆ ಅಧ್ಯಾಪಕರು ಉತ್ಸಾಹದ ಮಾತನ್ನು ಮಾತ್ರ ಹೇಳಿದರೆ ಸಾಲದು. ಈ ಮೂರು ಲೆಕ್ಕಗಳನ್ನೂ ಬೇರೆಬೇರೆಯಾಗಿ ಬರೆಯಿಸಿ ತೋರಿಸಬೇಕು. ಹೊರೆಯ ತೂಕವನ್ನು ಅರಿತು ಹೊತ್ತವನು ದಾರಿಯಲ್ಲಿ ಬೀಳನು.