ಆಟಗಳಲ್ಲಿ ಆಯುಸ್ಸು ಮತ್ತು ಚಿಕಿತ್ಸೆ: ಒಂದು ತೌಲನಿಕ ವಿವೇಚನೆ

ಆಟವು ಮಾನವನ ಮೊದಲನೆಯ ಪಾಠಶಾಲೆ. ಅಕ್ಷರವನ್ನು ತಿದ್ದುವ ಮುನ್ನವೇ ಮಗುವು ಸರದಿ, ಸಂಯಮ, ಸೋಲು, ಗೆಲುವುಗಳನ್ನು ಆಟದಿಂದ ಕಲಿತಿರುತ್ತದೆ. ಇಷ್ಟೇ ಅಲ್ಲ, ಜೀವವೆಂದರೇನು, ಪೆಟ್ಟಾದರೆ ಏನಾಗುತ್ತದೆ, ಹೋದ ಜೀವ ಮರಳಿ ಬರುವುದುಂಟೆ ಎಂಬ ಗಹನವಾದ ಪ್ರಶ್ನೆಗಳಿಗೂ ಅದು ಮೊದಲ ಉತ್ತರವನ್ನು ಪಡೆಯುವುದು ಅನೇಕ ವೇಳೆ ಆಟದಲ್ಲಿಯೇ. ಹಿಂದೆ ಈ ಉತ್ತರವನ್ನು ಬಯಲು ಕೊಡುತ್ತಿತ್ತು. ಇಂದು ಬಯಲಿನೊಡನೆ ಮೊಬೈಲಿನ ತೆರೆಯೂ ಕೊಡುತ್ತಿದೆ. ಈ ಎರಡು ಉತ್ತರಗಳಲ್ಲಿ ಸಾಮ್ಯವೆಷ್ಟು, ವ್ಯತ್ಯಾಸವೆಷ್ಟು ಎಂಬುದನ್ನು ಉಪಾಧ್ಯಾಯರೂ ಪೋಷಕರೂ ಅರಿಯುವುದು ಅವಶ್ಯಕ.

ಗುಂಡ್ಯದಂತಹ ಊರಿನಲ್ಲಿ ಈ ಅರಿವಿಗೆ ವಿಶೇಷವಾದ ಬೆಲೆಯಿದೆ. ಹಿಂದೆ ಪುತ್ತೂರು ತಾಲೂಕಿಗೆ ಸೇರಿದ್ದು ಈಗ ಕಡಬ ತಾಲೂಕಿನಲ್ಲಿರುವ ಈ ಸ್ಥಳವು ಶಿರಾಡಿ ಘಟ್ಟದ ಬುಡದಲ್ಲಿದೆ. ಮಂಗಳೂರು-ಬೆಂಗಳೂರು ಹೆದ್ದಾರಿಯಿಂದ ಸುಬ್ರಹ್ಮಣ್ಯದ ದಾರಿ ಕವಲೊಡೆಯುವುದು ಇಲ್ಲಿಯೇ. ಒಂದು ಕಡೆ ಬಿಡುವಿಲ್ಲದೆ ಓಡುವ ಲಾರಿಗಳು. ಇನ್ನೊಂದು ಕಡೆ ಮಳೆಕಾಡು, ಹೊಳೆ, ಅಡಿಕೆ ತೋಟ, ಹಾವುಗಳು. ಇಂತಹ ನೆಲದಲ್ಲಿ ಬೆಳೆಯುವ ಮಗುವಿಗೆ ಗಾಯವೆಂಬುದು ಕೇವಲ ಆಟದ ಮಾತಲ್ಲ.

ಕಬಡ್ಡಿಯ ಸಂಜೀವಿನಿ

ಆಟದಲ್ಲಿ ಜೀವ ಹೋಗುವುದೂ ಮರಳುವುದೂ ನಮ್ಮವರಿಗೆ ಹೊಸದಲ್ಲ. ಶುಕ್ರಾಚಾರ್ಯರ ಮೃತಸಂಜೀವಿನೀ ವಿದ್ಯೆಯ ಕಥೆಯನ್ನೂ, ಮೂರ್ಛೆಹೋದ ಲಕ್ಷ್ಮಣನಿಗಾಗಿ ಹನುಮಂತನು ಪರ್ವತವನ್ನೇ ಹೊತ್ತು ತಂದ ಕಥೆಯನ್ನೂ ಯಕ್ಷಗಾನದ ರಂಗದಲ್ಲಿ ಕಂಡುಂಡವರು ಈ ಸೀಮೆಯ ಜನ. ಅದೇ ಸಂಜೀವಿನಿಯ ಹೆಸರು ಕಬಡ್ಡಿಯ ಒಂದು ಪ್ರಕಾರಕ್ಕೂ ಇದೆ.

ಕಬಡ್ಡಿಯಲ್ಲಿ ಸಂಜೀವಿನಿ, ಗಾಮಿನಿ, ಅಮರ್ ಎಂಬ ಮೂರು ಸಾಂಪ್ರದಾಯಿಕ ಪ್ರಕಾರಗಳುಂಟು. ಸಂಜೀವಿನಿಯಲ್ಲಿ ಎದುರು ತಂಡದ ಒಬ್ಬನು ಔಟಾದಾಗ ತನ್ನ ತಂಡದಲ್ಲಿ ಹೊರಗೆ ಕುಳಿತ ಒಬ್ಬನು ಜೀವ ಪಡೆದು ಅಂಕಣಕ್ಕೆ ಮರಳುತ್ತಾನೆ. ಗಾಮಿನಿಯಲ್ಲಿ ಈ ದಯೆಯಿಲ್ಲ. ತಂಡದವರೆಲ್ಲರೂ ಔಟಾಗುವವರೆಗೆ ಹೊರಗೆ ಹೋದವನು ಹೊರಗೇ. ಅಮರ್ ಪ್ರಕಾರದಲ್ಲಿ ಯಾರೂ ಹೊರಗೆ ಹೋಗುವುದೇ ಇಲ್ಲ. ಮುಟ್ಟಿಸಿಕೊಂಡವನು ಅಂಕಣದಲ್ಲಿಯೇ ಉಳಿಯುತ್ತಾನೆ, ಎದುರಾಳಿಗೆ ಅಂಕ ಮಾತ್ರ ಸಲ್ಲುತ್ತದೆ. 1990ರ ಬೀಜಿಂಗ್ ಏಷ್ಯನ್ ಕ್ರೀಡಾಕೂಟದಲ್ಲಿ ಪದಕದ ಆಟವಾಗಿ ಸೇರಿದ ಕಬಡ್ಡಿಯೂ, 2014ರಲ್ಲಿ ಆರಂಭವಾದ ಪ್ರೊ ಕಬಡ್ಡಿಯೂ ಸಂಜೀವಿನಿಯ ತತ್ತ್ವವನ್ನೇ ಅನುಸರಿಸುತ್ತವೆ.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದುಂಟು. ಕಬಡ್ಡಿಯಲ್ಲಿ ಔಟಾದವನು ತನ್ನನ್ನು ತಾನೇ ಬದುಕಿಸಿಕೊಳ್ಳಲಾರನು. ಅವನ ಜೀವವು ಅಂಕಣದಲ್ಲಿ ಉಳಿದ ಸಂಗಡಿಗರ ಕೈಯಲ್ಲಿದೆ. ಮರಳುವುದಕ್ಕೂ ಕ್ರಮವುಂಟು: ಮೊದಲು ಔಟಾದವನು ಮೊದಲು ಮರಳಬೇಕು, ಬಲಿಷ್ಠನೆಂದು ಹಿಂದಿನವನನ್ನು ಮುಂದೆ ತರುವಂತಿಲ್ಲ. ಕಾಯುವುದು, ನಂಬುವುದು, ಸರದಿಯನ್ನು ಮನ್ನಿಸುವುದು ಇವು ಮೂರೂ ಈ ನಿಯಮದಲ್ಲಿ ಅಡಗಿವೆ.

ಆಟಿ ತಿಂಗಳ ಮಳೆಯಲ್ಲಿ ಮನೆಯೊಳಗೆ ಆಡುವ ಚೆನ್ನೆಮಣೆಯೂ ಇದೇ ಜಾತಿಯ ಪಾಠವನ್ನು ಬೇರೆ ಬಗೆಯಲ್ಲಿ ಹೇಳುತ್ತದೆ. ಎರಡು ಸಾಲುಗಳಲ್ಲಿ ಏಳೇಳು ಗುಳಿಗಳು, ಗುಳಿಗೆ ನಾಲ್ಕರಂತೆ ಕಾಯಿಗಳು. ಸೋತವರು ಮುಂದಿನ ಸುತ್ತಿನಲ್ಲಿ ಇದ್ದಷ್ಟು ಕಾಯಿಗಳಿಂದ ತುಂಬಬಹುದಾದ ಗುಳಿಗಳನ್ನು ಮಾತ್ರ ತುಂಬಿ ಆಡುವ ಪದ್ಧತಿಯುಂಟು. ಅಂದರೆ ಸೋಲಿನ ಬಡತನವು ಮುಂದಿನ ಆಟಕ್ಕೂ ಬರುತ್ತದೆ. ಆದರೆ ಜಾಣ್ಮೆಯಿಂದ ಅದನ್ನು ನೀಗಿಕೊಳ್ಳುವ ದಾರಿಯೂ ತೆರೆದಿರುತ್ತದೆ.

ಅಂಕಿಯಾದ ಆಯುಸ್ಸು

ಇನ್ನು ವಿಡಿಯೋ ಆಟಗಳ ಕಡೆಗೆ ತಿರುಗೋಣ. 1978ರಲ್ಲಿ ಜಪಾನಿನಲ್ಲಿ ಹೊರಬಂದ ‘ಸ್ಪೇಸ್ ಇನ್ವೇಡರ್ಸ್’ ಆಟದಲ್ಲಿ ಆಟಗಾರನಿಗೆ ಕೆಲವೇ ಜೀವಗಳು ದೊರೆಯುತ್ತಿದ್ದವು. ಒಂದು ಪೆಟ್ಟಿಗೆ ಒಂದು ಜೀವ ಹೋಗುವುದು. ಅಲ್ಲಿ ಗಾಯವೆಂಬುದೇ ಇಲ್ಲ. ಇರುವುದು ಬದುಕು ಅಥವಾ ಸಾವು. ನಾಣ್ಯ ಹಾಕಿ ಆಡುವ ಯಂತ್ರಕ್ಕೆ ಈ ಕಟ್ಟು ಒಪ್ಪುತ್ತಿತ್ತು. ಜೀವಗಳು ತೀರಿದರೆ ಇನ್ನೊಂದು ನಾಣ್ಯ ಬೇಕು!

ಗಾಯವನ್ನು ಅಳೆಯುವ ಕಲ್ಪನೆಯು ಬಂದುದು ಬೇರೊಂದು ದಾರಿಯಿಂದ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು ಪ್ರಕಟಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಕಾಗದ-ದಾಳಗಳ ಆಟದಲ್ಲಿ ವೀರನ ಆಯುಸ್ಸನ್ನು ಅಂಕಿಯಾಗಿ ಬರೆದಿಡುತ್ತಿದ್ದರು. ಪೆಟ್ಟು ಬಿದ್ದಾಗ ಅಂಕಿ ಇಳಿಯುವುದು, ಚಿಕಿತ್ಸೆಯಾದಾಗ ಏರುವುದು. ಈ ಲೆಕ್ಕದ ಮೂಲವು ನೌಕಾಯುದ್ಧದ ಆಟಗಳಲ್ಲಿದೆ. ಹಡಗಿಗೆ ಎಷ್ಟು ಗುಂಡು ತಗುಲಿದರೆ ಮುಳುಗುತ್ತದೆ ಎಂಬ ಎಣಿಕೆಯನ್ನು ಮನುಷ್ಯನ ದೇಹಕ್ಕೆ ಅನ್ವಯಿಸಲಾಯಿತು.

ಈ ಸಂಗತಿಯು ಬಹು ಅರ್ಥವತ್ತಾದುದು. ನೂರರಲ್ಲಿ ಒಂದಂಶ ಆಯುಸ್ಸು ಉಳಿದ ಆಟದ ವೀರನು ಸಾಮಾನ್ಯವಾಗಿ ನೂರಂಶ ಉಳ್ಳವನಂತೆಯೇ ಓಡುತ್ತಾನೆ, ಹಾರುತ್ತಾನೆ, ಹೋರಾಡುತ್ತಾನೆ. ನಿಜವಾದ ದೇಹವು ಹಾಗಲ್ಲ. ಕಾಲುಬೆರಳಿಗೆ ಮುಳ್ಳು ನೆಟ್ಟರೂ ಅದು ಕುಂಟುತ್ತದೆ.

ಮದ್ದಿನ ಪೆಟ್ಟಿಗೆ ಮತ್ತು ತಾನಾಗಿ ಮಾಯುವ ಗಾಯ

ಹೋದ ಆಯುಸ್ಸನ್ನು ತುಂಬಿಕೊಡುವ ವಿಧಾನಗಳಲ್ಲಿಯೂ ವೈವಿಧ್ಯವಿದೆ. 1993ರ ‘ಡೂಮ್’ ಆಟದಲ್ಲಿ ಯೋಧನು ನೂರಂಶದಿಂದ ಆರಂಭಿಸುತ್ತಾನೆ. ದಾರಿಯಲ್ಲಿ ಬಿದ್ದಿರುವ ಮದ್ದಿನ ಪೆಟ್ಟಿಗೆಯ ಮೇಲೆ ನಡೆದರೆ ಸಾಕು, ದೊಡ್ಡದಾದರೆ 25 ಅಂಶ, ಚಿಕ್ಕದಾದರೆ 10 ಅಂಶ ಆಯುಸ್ಸು ಕ್ಷಣಾರ್ಧದಲ್ಲಿ ಸೇರುತ್ತದೆ. ಪೆಟ್ಟಿಗೆ ಎಲ್ಲಿದೆಯೆಂದು ನೆನಪಿಟ್ಟುಕೊಳ್ಳುವುದೇ ಇಲ್ಲಿಯ ಜಾಣ್ಮೆ.

2001ರ ‘ಹೇಲೋ’ ಆಟದಲ್ಲಿ ಯೋಧನ ರಕ್ಷಾಕವಚವು ಸ್ವಲ್ಪ ಹೊತ್ತು ಪೆಟ್ಟು ಬೀಳದಿದ್ದರೆ ತಾನಾಗಿ ತುಂಬಿಕೊಳ್ಳುತ್ತಿತ್ತು. ಕವಚದ ಕೆಳಗಿನ ದೇಹಕ್ಕೆ ಮಾತ್ರ ಮದ್ದು ಬೇಕಾಗಿತ್ತು. 2005ರ ‘ಕಾಲ್ ಆಫ್ ಡ್ಯೂಟಿ 2’ ಆಟವು ಇನ್ನೂ ಮುಂದೆ ಹೋಗಿ ಮದ್ದನ್ನೇ ತೆಗೆದುಹಾಕಿತು. ಗುಂಡು ತಗುಲಿದ ಸೈನಿಕನು ಗೋಡೆಯ ಮರೆಯಲ್ಲಿ ಕೆಲವು ಕ್ಷಣ ಕುಳಿತರೆ ಮತ್ತೆ ಮೊದಲಿನಂತಾಗುತ್ತಾನೆ. ಇದರಿಂದ ಆಟದ ಓಟಕ್ಕೆ ತಡೆಯಿಲ್ಲ. ಆದರೆ ಹಿಂದಿನ ತಪ್ಪಿಗೆ ಮುಂದೆ ದಂಡವೂ ಇಲ್ಲ.

ಇದಕ್ಕೆ ವಿರುದ್ಧವಾದ ತುದಿಯಲ್ಲಿ 2004ರ ‘ಮೆಟಲ್ ಗೇರ್ ಸಾಲಿಡ್ 3’ ನಿಲ್ಲುತ್ತದೆ. ಅದರಲ್ಲಿ ಪ್ರತಿಯೊಂದು ಗಾಯಕ್ಕೂ ಬೇರೆ ಬೇರೆ ಶುಶ್ರೂಷೆ. ಮುರಿದ ಮೂಳೆಗೆ ದಬ್ಬೆ ಕಟ್ಟಬೇಕು. ಹೊಕ್ಕ ಗುಂಡನ್ನು ತೆಗೆಯಬೇಕು. ಗಾಯವನ್ನು ಶುದ್ಧಮಾಡಿ ರಕ್ತ ನಿಲ್ಲಿಸಿ ಪಟ್ಟಿ ಸುತ್ತಬೇಕು. ಆಟವೇ ಆದರೂ ಗಾಯಕ್ಕೊಂದು ಹೆಸರಿದೆ, ಚಿಕಿತ್ಸೆಗೊಂದು ಕ್ರಮವಿದೆ ಎಂಬುದನ್ನು ಅದು ಮರೆಯಲಿಲ್ಲ.

ನಮ್ಮ ಮಕ್ಕಳ ಕೈಯಲ್ಲಿ ಹೆಚ್ಚಾಗಿ ಕಾಣುವ ‘ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ’ 2021ರಲ್ಲಿ ಬಂದಿತು. ಅದರ ಮೂಲವಾದ 2017ರ ‘ಪಬ್‌ಜಿ’ಯಲ್ಲಿ ಸಾಮಾನ್ಯ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯು 6 ಸೆಕೆಂಡುಗಳಲ್ಲಿ ಆಯುಸ್ಸನ್ನು 75ಕ್ಕೆ ಏರಿಸುತ್ತಿತ್ತು, ದೊಡ್ಡ ಪೆಟ್ಟಿಗೆಯು 8 ಸೆಕೆಂಡುಗಳಲ್ಲಿ ನೂರಕ್ಕೆ ಮುಟ್ಟಿಸುತ್ತಿತ್ತು. ತಂಡವಾಗಿ ಆಡುವಾಗ ನೆಲಕ್ಕುರುಳಿದವನು ತೆವಳಬಲ್ಲನೇ ಹೊರತು ಏಳಲಾರನು. ಸಂಗಡಿಗನೊಬ್ಬನು ಬಂದು 10 ಸೆಕೆಂಡು ಪಕ್ಕದಲ್ಲಿ ಕುಳಿತು ಶುಶ್ರೂಷೆ ಮಾಡಿದರೆ ಮಾತ್ರ ಅವನು ಏಳುತ್ತಾನೆ. ಆ ಹೊತ್ತಿನಲ್ಲಿ ಶುಶ್ರೂಷೆ ಮಾಡುವವನ ಪ್ರಾಣವೂ ಅಪಾಯದಲ್ಲಿರುತ್ತದೆ. ಆಡುವವರಿಗೆ ಹೊಳೆಯದಿದ್ದರೂ ಇದು ಕಬಡ್ಡಿಯ ಸಂಜೀವಿನಿಗೆ ಸಮೀಪದ ಬಂಧು.

ಹಾವಿನ ವಿಷವೂ ಆಟದ ಮದ್ದೂ

ತುಲನೆಯ ನಿಜವಾದ ಒರೆಗಲ್ಲು ವಿಷದ ಪ್ರಸಂಗ. ಹಾವು-ಏಣಿಯ ಆಟದಲ್ಲಿ ಹಾವು ಕಚ್ಚಿದವನು ಕೆಲವು ಮನೆ ಕೆಳಗಿಳಿಯುತ್ತಾನೆ, ಅಷ್ಟೆ. ಅನೇಕ ವಿಡಿಯೋ ಆಟಗಳಲ್ಲಿ ಒಂದು ಸೀಸೆ ಮದ್ದು ಕುಡಿದರೆ ಯಾವ ವಿಷವಾದರೂ ತಕ್ಷಣ ಇಳಿಯುತ್ತದೆ. ಶಾಲೆಗಾಗಿಯೇ ಹುಟ್ಟಿದ ಆಟವೊಂದು ಮಾತ್ರ ಇದಕ್ಕಿಂತ ವಾಸ್ತವಕ್ಕೆ ಹತ್ತಿರವಾಗಿತ್ತು. 1971ರಲ್ಲಿ ಅಮೆರಿಕದ ಮಿನೆಸೋಟಾ ರಾಜ್ಯದಲ್ಲಿ ಮೂವರು ತರುಣ ಶಿಕ್ಷಕರು ಚರಿತ್ರೆಯ ಪಾಠಕ್ಕಾಗಿ ‘ಆರಿಗನ್ ಟ್ರೇಲ್’ ಎಂಬ ಗಣಕಯಂತ್ರದ ಆಟವನ್ನು ರಚಿಸಿದರು. ವಲಸೆ ಹೊರಟವನು ಪ್ರಯಾಣದ ಮುನ್ನವೇ ಔಷಧಾದಿ ಸಾಮಗ್ರಿಗಳಿಗೆ ಹಣ ತೆಗೆದಿಡಬೇಕು. ದಾರಿಯಲ್ಲಿ ಹಾವು ಕಚ್ಚಿದರೆ ಆ ದಾಸ್ತಾನು ಕರಗುತ್ತದೆ. ದಾಸ್ತಾನು ಮುಗಿದಿದ್ದರೆ ಪ್ರಯಾಣಿಕನು ಸಾಯುತ್ತಾನೆ. ಪ್ರಾಣರಕ್ಷಣೆಯ ಸಿದ್ಧತೆ ಆಪತ್ತಿಗೆ ಮುಂಚೆಯೇ ಆಗಬೇಕೆಂಬುದು ಅದರ ಬೋಧೆ.

ಗುಂಡ್ಯದ ಸುತ್ತಲಿನ ಕಾಡುತೋಟಗಳಲ್ಲಿ ಈ ಬೋಧೆಗೆ ಜೀವದ ಬೆಲೆಯಿದೆ. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ 2000ದಿಂದ 2019ರವರೆಗೆ ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಮಂದಿ ಹಾವಿನ ಕಡಿತದಿಂದ ಮೃತರಾದರು. ಕರ್ನಾಟಕ ಸರ್ಕಾರವು 2024ರಲ್ಲಿ ಹಾವಿನ ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಘೋಷಿಸಿತು. ನಿಜವಾದ ಪ್ರತಿವಿಷವು ಕುಡಿಯುವ ಸೀಸೆಯಲ್ಲ. ಕುದುರೆಯ ರಕ್ತದಿಂದ ತಯಾರಿಸಿ ವೈದ್ಯರ ನಿಗಾದಲ್ಲಿ ರಕ್ತನಾಳಕ್ಕೆ ಕೊಡುವ ಮದ್ದು. ನಮ್ಮ ದೇಶದಲ್ಲಿ ಬಳಕೆಯಲ್ಲಿರುವ ಪ್ರತಿವಿಷವು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕರ ವಿಷಕ್ಕಾಗಿ ತಯಾರಾದುದು. ಎಲ್ಲ ಹಾವುಗಳಿಗೂ ಒಂದೇ ಮದ್ದೆಂಬುದು ಆಟದ ನಿಯಮವೇ ಹೊರತು ಪ್ರಕೃತಿಯ ನಿಯಮವಲ್ಲ.

ಆದುದರಿಂದ ಹಾವು ಕಚ್ಚಿದವನು ಓಡಬಾರದು. ಕಚ್ಚಿದ ಅಂಗವನ್ನು ಅಲುಗಾಡಿಸಬಾರದು. ಗಾಯವನ್ನು ಕೊಯ್ಯುವುದು, ವಿಷವನ್ನು ಬಾಯಿಂದ ಹೀರುವುದು, ಹಗ್ಗದಿಂದ ಬಿಗಿಯಾಗಿ ಕಟ್ಟುವುದು ಸರ್ವಥಾ ಕೂಡದು. ಮುರಿದ ಕೈಕಾಲಿಗೆ ಕಟ್ಟುವಂತೆ ದಬ್ಬೆಯ ಆಸರೆ ಕೊಟ್ಟು, ಧೈರ್ಯ ಹೇಳಿ, ವಿಳಂಬವಿಲ್ಲದೆ ಆಸ್ಪತ್ರೆಗೆ ಸಾಗಿಸಬೇಕು. ಗೋಡೆಯ ಮರೆಯಲ್ಲಿ ಕುಳಿತರೆ ಗಾಯ ಮಾಯುವುದೆಂಬ ಆಟದ ಅಭ್ಯಾಸವು ಇಲ್ಲಿ ಪ್ರಾಣಘಾತಕ. ಹೆದ್ದಾರಿಯ ಅಪಘಾತಕ್ಕೂ ಇದೇ ಮಾತು ಸಲ್ಲುತ್ತದೆ. ಕರ್ನಾಟಕದಲ್ಲಿ 2008ರಿಂದ ದೊರೆಯುತ್ತಿರುವ 108ರ ಆಂಬುಲೆನ್ಸ್ ಸೇವೆಯನ್ನು ಕರೆಯಲು ಬೇಕಾದುದು ಮಗುವಿನ ಕೈಯಲ್ಲಿರುವ ಆ ಮೊಬೈಲೇ ಅಲ್ಲವೇ?

ಉಪಸಂಹಾರ

ಇಷ್ಟರಿಂದ ವಿಡಿಯೋ ಆಟಗಳು ತ್ಯಾಜ್ಯವೆಂದು ತೀರ್ಮಾನಿಸುವುದು ಸರಿಯಲ್ಲ. ಆಟದ ಆಯುಸ್ಸು ಆಟ ಮುಂದುವರಿಯಲೆಂದು ಕಲ್ಪಿಸಿದ ಸಂಕೇತ; ಕಬಡ್ಡಿಯ ಔಟೂ ಸಂಕೇತವೇ. ಆದರೆ ಬಯಲಿನ ಮಗುವಿಗೆ ಸಂಕೇತ ಮತ್ತು ಸತ್ಯಗಳೆರಡೂ ಒಟ್ಟಿಗೆ ದೊರೆಯುತ್ತವೆ. ಔಟಾಗಿ ಹೊರಗೆ ಕುಳಿತಾಗ ಅದರ ಮೊಣಕಾಲು ತರಚಿ ನಿಜವಾಗಿಯೂ ಉರಿಯುತ್ತಿರುತ್ತದೆ. ಮತ್ತೆ ಜೀವ ಪಡೆದು ಅಂಕಣಕ್ಕೆ ಇಳಿದರೂ ಆ ಉರಿ ಹೋಗುವುದಿಲ್ಲ, ಗಾಯ ಮಾಯಲು ವಾರ ಬೇಕು. ತೆರೆಯ ಮುಂದಿನ ಮಗುವಿಗೆ ಸಂಕೇತ ಮಾತ್ರ ದೊರೆಯುತ್ತದೆ. ಆ ಕೊರತೆಯನ್ನು ತುಂಬುವ ಹೊಣೆ ಶಾಲೆಯದು.

ಉಪಾಧ್ಯಾಯರು ಮಕ್ಕಳು ಬಲ್ಲ ಆಟದಿಂದಲೇ ಪಾಠವನ್ನು ಆರಂಭಿಸಿ ‘ಆಟದಲ್ಲಿ 6 ಸೆಕೆಂಡು, ನಿಜದಲ್ಲಿ ಎಷ್ಟು?’ ಎಂದು ಕೇಳಿದರೆ ಪ್ರಥಮ ಚಿಕಿತ್ಸೆಯ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಪೀಠಿಕೆ ಬೇಕಿಲ್ಲ. ದಾನಿಗಳು ಶಾಲೆಗೊಂದು ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯನ್ನೂ, ಅದನ್ನು ಬಳಸುವ ತರಬೇತಿಯನ್ನೂ ಒದಗಿಸಿದರೆ ಅದು ಅಲ್ಪವಾದರೂ ಸಾರ್ಥಕವಾದ ಕೊಡುಗೆ. ಬಿದ್ದವನ ಬಳಿಗೆ ಸಂಗಡಿಗನು ಹೋಗಬೇಕೆಂಬ ಒಂದು ಮಾತನ್ನು ಅಂಕಣವೂ ತೆರೆಯೂ ಸಮಾನವಾಗಿ ಕಲಿಸುತ್ತಿವೆ. ಹೋದ ಮೇಲೆ ಏನು ಮಾಡಬೇಕೆಂಬುದನ್ನು ಶಾಲೆಯು ಕಲಿಸಲಿ.