ಖಾಲಿ ಕ್ಯಾನಿನ ಬೆಲೆ ಮತ್ತು ನಮ್ಮ ಹೊಣೆ



ಈಚೆಗೆ ಸ್ನೇಹಿತರೊಬ್ಬರ ಮನೆಯ ಮದುವೆಗೆಂದು ರಾಯಚೂರಿಗೆ ಹೋಗಿದ್ದಾಗ ಮಾನ್ವಿ, ದೇವದುರ್ಗಗಳ ಕಡೆಯ ಕೆಲವು ಹಳ್ಳಿಗಳನ್ನು ನೋಡುವ ಅವಕಾಶ ದೊರೆಯಿತು. ಬೆಳಗಾದರೆ ಶುದ್ಧ ನೀರಿನ ಘಟಕದ ಮುಂದೆ 20 ಲೀಟರಿನ ಕ್ಯಾನುಗಳ ಸಾಲು. ಆ ಜಿಲ್ಲೆಯ ಅನೇಕ ಊರುಗಳ ಕೊಳವೆ ಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಆದ್ದರಿಂದ ಕುಡಿಯುವ ನೀರನ್ನು ಹೀಗೆ ಹೊತ್ತು ತರಬೇಕು. ಒಂದೇ ಕ್ಯಾನು ನೂರಾರು ಸಲ ತುಂಬಿ ಬರಿದಾಗುತ್ತದೆ. ಊರ ಹೊರಗಿನ ಹತ್ತಿ, ಮೆಣಸಿನಕಾಯಿ ಹೊಲಗಳ ಬದುವಿನಲ್ಲಿ ಕಂಡದ್ದು ಬೇರೆ ಬಗೆಯವು. ಅವು ಒಂದೇ ಸಲ ತುಂಬಿ, ಒಂದೇ ಸಲ ಬರಿದಾದ ಔಷಧದ ಕ್ಯಾನುಗಳು.

ಅಲ್ಲಿಯ ರೈತರನ್ನು ದೂರಲು ಇದನ್ನು ಬರೆಯುತ್ತಿಲ್ಲ. ನಮ್ಮ ತೋಟಗಳ ಹಳ್ಳದ ದಂಡೆಯಲ್ಲೂ ಇದೇ ನೋಟವಿದೆ. ಗಂಗಾಮೂಲದಲ್ಲಿ ಹುಟ್ಟುವ ತುಂಗೆ ಮತ್ತು ಭದ್ರೆ ಕೂಡಲಿಯಲ್ಲಿ ಸೇರಿ, ಹೊಸಪೇಟೆಯ ಅಣೆಕಟ್ಟಿನಲ್ಲಿ ನಿಂತು, ಎಡದಂಡೆ ನಾಲೆಯ ಮೂಲಕ ಮಾನ್ವಿಯ ಗದ್ದೆಗಳನ್ನು ಮುಟ್ಟುತ್ತವೆ. ದೇವದುರ್ಗಕ್ಕೆ ನಾರಾಯಣಪುರದ ಕಡೆಯಿಂದ ಕೃಷ್ಣೆಯ ನೀರು. ಮೇಲಿನವರಾದ ನಮಗೆ ಹಳ್ಳದ ಬಗ್ಗೆ ಹೆಚ್ಚಿನ ಎಚ್ಚರ ಇರಬೇಕಾದ್ದು ನ್ಯಾಯ.

ಗಟ್ಟಿ ಪ್ಲಾಸ್ಟಿಕ್ ಎಂದರೆ ಯಾವುದು?

ಕ್ಯಾನು, ಡ್ರಮ್ಮು, ಬಾಟಲಿ, ಡಬ್ಬಿ, ಮುಚ್ಚಳ ಇವೆಲ್ಲ ಆಕಾರ ಕೆಡದೆ ನಿಲ್ಲುವ ಗಟ್ಟಿ ಪ್ಲಾಸ್ಟಿಕ್. ತಳದಲ್ಲಿ ತ್ರಿಕೋನದೊಳಗೆ ಒಂದು ಅಂಕಿ ಇರುತ್ತದೆ. 1 ಎಂದಿದ್ದರೆ ಪೆಟ್, 2 ಎಂದಿದ್ದರೆ ಎಚ್.ಡಿ.ಪಿ.ಇ., 5 ಎಂದಿದ್ದರೆ ಪಾಲಿಪ್ರೊಪಿಲೀನ್. ನಮ್ಮ ತೋಟಕ್ಕೆ ಬರುವ ಡ್ರಮ್ಮು, ಕ್ಯಾನುಗಳಲ್ಲಿ ಹೆಚ್ಚಿನವು 2ನೆಯ ಜಾತಿಯವು. ಬೋರ್ಡೋ ದ್ರಾವಣಕ್ಕೆ ಮೈಲುತುತ್ತ ಕರಗಿಸುವಾಗ ಕಬ್ಬಿಣದ ಪಾತ್ರೆ ತಿಂದುಹೋಗುತ್ತದೆ, ಈ ಡ್ರಮ್ಮಿಗೆ ಏನೂ ಆಗುವುದಿಲ್ಲ. ಇದು ನಮಗೆ ಉಪಕಾರವನ್ನೇ ಮಾಡಿದ ವಸ್ತು.

ಒಂದೇ ಜಾತಿಯ ಪ್ಲಾಸ್ಟಿಕ್ ಆಗಿರುವುದರಿಂದ ಇದನ್ನು ಕರಗಿಸಿ ಮತ್ತೆ ಪೈಪು, ಬಕೆಟ್ಟು ಮಾಡಬಹುದು. ಆದ್ದರಿಂದಲೇ ಗುಜರಿಯವನು ಖಾಲಿ ಡ್ರಮ್ಮನ್ನು ತೂಕ ಮಾಡಿ ಕೊಳ್ಳುತ್ತಾನೆ. ಹಲವು ಪದರಗಳನ್ನು ಅಂಟಿಸಿದ ಸ್ಯಾಷೆಗಳನ್ನು ಅವನು ಮುಟ್ಟುವುದಿಲ್ಲ.

ಧಾರಣೆಯ ಏರಿಳಿತ

ಕಾಫಿ, ಅಡಿಕೆ ಬೆಳೆಯುವ ನಮಗೆ ಧಾರಣೆಯ ಏರಿಳಿತವನ್ನು ಹೊಸದಾಗಿ ಹೇಳಬೇಕಿಲ್ಲ. ಹೊಸ ಪ್ಲಾಸ್ಟಿಕ್ ಹುಟ್ಟುವುದು ಕಚ್ಚಾ ತೈಲ ಮತ್ತು ಅನಿಲದಿಂದ. ತೈಲದ ಬೆಲೆ ಇಳಿದರೆ ಹೊಸ ಪ್ಲಾಸ್ಟಿಕ್ ಅಗ್ಗವಾಗುತ್ತದೆ, ಹಳೆಯದನ್ನು ಕೇಳುವವರು ಕಡಿಮೆಯಾಗುತ್ತಾರೆ. 2020ರಲ್ಲಿ ತೈಲದ ಬೆಲೆ ಕುಸಿದಾಗ ಹೀಗೆಯೇ ಆಯಿತು. ಕೇವಲ ಗುಜರಿಯ ಧಾರಣೆಯನ್ನು ನೆಚ್ಚಿ ಊರು ಸ್ವಚ್ಛವಾಗದು.

ಈ ಕಾರಣದಿಂದಲೇ ಕೇಂದ್ರ ಸರ್ಕಾರ 2022ರ ಫೆಬ್ರವರಿಯಲ್ಲಿ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳಿಗೆ ತಿದ್ದುಪಡಿ ತಂದು, ಸರಕನ್ನು ಪ್ಲಾಸ್ಟಿಕ್ಕಿನಲ್ಲಿ ತುಂಬಿ ಮಾರುವ ಕಂಪನಿಗಳ ಮೇಲೆಯೇ ಅದರ ಹೊಣೆಯನ್ನು ಹೊರಿಸಿತು. ಅದರಲ್ಲಿ ಗಟ್ಟಿ ಪ್ಲಾಸ್ಟಿಕ್ ಮೊದಲನೆಯ ವರ್ಗ. ಈ ವರ್ಗದ ಹೊಸ ಡಬ್ಬಿಗಳಲ್ಲಿ ಹಳೆಯ ಪ್ಲಾಸ್ಟಿಕ್ಕಿನ ಪಾಲು 2025-26ರಲ್ಲಿ ಶೇ. 30, 2028-29ರ ಹೊತ್ತಿಗೆ ಶೇ. 60 ಇರಬೇಕೆಂದು ಅಲ್ಲಿ ಗೊತ್ತುಪಡಿಸಲಾಗಿದೆ. ಎಂದರೆ ತೈಲದ ಬೆಲೆ ಏನೇ ಇರಲಿ, ಹಳೆಯ ಗಟ್ಟಿ ಪ್ಲಾಸ್ಟಿಕ್ಕಿಗೆ ಬೇಡಿಕೆ ಇರಬೇಕೆಂಬುದು ನಿಯಮದ ಉದ್ದೇಶ.

ಔಷಧದ ಕ್ಯಾನಿನ ಮಾತು ಬೇರೆ

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಧಾರಣೆ ಇದೆಯೆಂದು ಔಷಧದ ಕ್ಯಾನನ್ನು ಗುಜರಿಗೆ ಹಾಕಬಾರದು. ಅದು ಕರಗಿ ಯಾರ ಮನೆಯ ಬಿಂದಿಗೆಯಾಗುವುದೋ ಹೇಳಬರುವುದಿಲ್ಲ. ಪ್ಲಾಸ್ಟಿಕ್ಕಿನ ಗೋಡೆ ಔಷಧವನ್ನು ಸ್ವಲ್ಪ ಹೀರಿಕೊಂಡಿರುತ್ತದೆ. ಸೋಪಿನಿಂದ ತೊಳೆದರೂ ಅದು ಪೂರ್ತಿ ಹೋಗುವುದಿಲ್ಲ. ಕೂಲಿ ಲೈನಿನವರು ನೀರು ತರಲು ಖಾಲಿ ಕ್ಯಾನು ಕೇಳಿದಾಗ, ಚೆನ್ನಾಗಿ ತೊಳೆದುಕೊಳ್ಳಿ ಎಂದು ಹೇಳಿ ಕೊಟ್ಟವರಲ್ಲಿ ನಾನೂ ಒಬ್ಬ. ಅದು ತಪ್ಪೆಂದು ಈಗ ಒಪ್ಪಿಕೊಳ್ಳುತ್ತೇನೆ. ಅವರಿಗೆ ಕೊಡಬೇಕಾದ್ದು ಹೊಸ ಕೊಡ.

1971ರ ಕೀಟನಾಶಕ ನಿಯಮಗಳು ಖಾಲಿ ಡಬ್ಬಿಗಳನ್ನು ಹೊರಗೆ ಬಿಡಬಾರದು, ಒಡೆದು ವಸತಿಯಿಂದ ದೂರ ಹೂಳಬೇಕು ಎನ್ನುತ್ತವೆ. ಅಂದು ಡಬ್ಬಿ ಬಹುಮಟ್ಟಿಗೆ ತಗಡಿನದು, ಬಾಟಲಿ ಗಾಜಿನದು. ಇಂದಿನ ಪ್ಲಾಸ್ಟಿಕ್ ಹೂತರೂ ಮಣ್ಣಾಗದು. ಸುಟ್ಟರೆ ವಿಷದ ಹೊಗೆ. ಆದ್ದರಿಂದ ತಂದಲ್ಲಿಗೇ ಹಿಂದಿರುಗಿಸುವುದು ಉತ್ತಮವಾದ ದಾರಿ.

ಸದಸ್ಯರು ಮಾಡಬೇಕಾದ್ದು

1. ಔಷಧ ಬೆರೆಸುವ ಹೊತ್ತಿನಲ್ಲಿಯೇ, ಒಣಗಲು ಬಿಡದೆ, ಕೈಗವಸು ಹಾಕಿಕೊಂಡು ಖಾಲಿ ಕ್ಯಾನಿಗೆ ಕಾಲು ಭಾಗ ನೀರು ತುಂಬಿ, ಮುಚ್ಚಳ ಹಾಕಿ ಅರ್ಧ ನಿಮಿಷ ಕುಲುಕಿ, ಆ ನೀರನ್ನು ಸಿಂಪರಣೆಯ ಡ್ರಮ್ಮಿಗೇ ಸುರಿಯಿರಿ. ಹೀಗೆ ಮೂರು ಸಲ. ಹಣ ಕೊಟ್ಟು ತಂದ ಔಷಧವೂ ಪೋಲಾಗುವುದಿಲ್ಲ.

2. ತೊಳೆದ ಮೇಲೆ ತಳಕ್ಕೆ ತೂತು ಹೊಡೆಯಿರಿ. ಮತ್ತೆ ಯಾರೂ ಅದರಲ್ಲಿ ಏನನ್ನೂ ತುಂಬಲಾರರು.

3. ಮಕ್ಕಳ ಮತ್ತು ದನಗಳ ಓಡಾಟವಿಲ್ಲದ, ಮಳೆ ಬೀಳದ ಜಾಗದಲ್ಲಿ ಚೀಲದೊಳಗೆ ಬೇರೆಯಾಗಿಡಿ. ಹಳ್ಳದಲ್ಲಿ ತೊಳೆಯುವುದು, ಹಳ್ಳಕ್ಕೆ ಎಸೆಯುವುದು ಎರಡೂ ಬೇಡ.

4. ಗೊಬ್ಬರದ ಚೀಲ, ಎಣ್ಣೆ ಡಬ್ಬಿ, ನೀರಿನ ಬಾಟಲಿಗಳನ್ನು ಇವುಗಳೊಡನೆ ಬೆರೆಸಬೇಡಿ. ಅವುಗಳನ್ನು ಧಾರಾಳವಾಗಿ ಗುಜರಿಗೆ ಕೊಡಬಹುದು.

ಸಂಘದ ಕಡೆಯಿಂದ ಒಂದು ಸಲಹೆಯನ್ನು ಮುಂದಿನ ಆಡಳಿತ ಮಂಡಳಿ ಸಭೆಯ ಮುಂದಿಡಲಿದ್ದೇನೆ. ಬರುವ ಮಳೆಗಾಲದ ಔಷಧ ಖರೀದಿಗೆ ದರಪಟ್ಟಿ ಕರೆಯುವಾಗ, ಖಾಲಿ ಕ್ಯಾನುಗಳನ್ನು ಹಿಂದಕ್ಕೆ ಒಯ್ಯುವುದಾಗಿ ಸರಬರಾಜುದಾರರು ಬರೆದುಕೊಡಬೇಕೆಂಬ ಷರತ್ತನ್ನು ಸೇರಿಸುವುದು. ಐದು ಕ್ಯಾನು ಕೊಳ್ಳುವ ಬೆಳೆಗಾರನ ಮಾತನ್ನು ಕಂಪನಿ ಕೇಳದಿರಬಹುದು. ಎಲ್ಲ ಸದಸ್ಯರ ಪರವಾಗಿ ಒಟ್ಟಿಗೆ ಕೊಳ್ಳುವ ಸಂಘದ ಮಾತನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾಗದು. ಸಹಕಾರದ ಬಲ ಇರುವುದು ಇಂಥ ಕಡೆಯೇ.

ಈ ಷರತ್ತಿನಿಂದ ದರದಲ್ಲಿ ಅಲ್ಪ ಹೆಚ್ಚಳವಾದರೂ ಆಗಬಹುದು. ಅದನ್ನು ಹೊರಲು ನಾವು ಸಿದ್ಧರಿದ್ದೇವೆಯೇ ಎಂಬುದನ್ನು ಸದಸ್ಯರು ಯೋಚಿಸಿ, ತಮ್ಮ ಅಭಿಪ್ರಾಯವನ್ನು ಸಂಘದ ಕಛೇರಿಗೆ ಬರೆದು ತಿಳಿಸಬೇಕಾಗಿ ವಿನಂತಿ.

– ಕಾರ್ಯದರ್ಶಿ