ಸಮಾನ ಮನಸ್ಕರನ್ನು ಹುಡುಕುವುದು ನಾವೋ, ಫೋನೋ?

ಪಿಯುಸಿಯಲ್ಲಿರುವ ನಮ್ಮಲ್ಲಿ ಹಲವರಿಗೆ ಇನ್ನೊಂದೆರಡು ವರ್ಷದಲ್ಲಿ 18 ತುಂಬಿ ಮತದಾನದ ಹಕ್ಕು ಸಿಗುತ್ತದೆ. ರಾಜಕೀಯದ ಬಗ್ಗೆ ನಮಗೂ ಅಭಿಪ್ರಾಯಗಳಿವೆ. ಮನೆಯಲ್ಲಿ ಹೇಳಿದರೆ "ಮೊದಲು ಓದು" ಎನ್ನುತ್ತಾರೆ, ತರಗತಿಯಲ್ಲಿ ಸಮಯ ಸಾಲುವುದಿಲ್ಲ. ಆದ್ದರಿಂದ ನಮ್ಮಂತೆ ಯೋಚಿಸುವವರನ್ನು ಸಾಮಾಜಿಕ ಜಾಲತಾಣಗಳಲ್ಲಿ ಹುಡುಕುತ್ತೇವೆ. ರಾಜ್ಯಶಾಸ್ತ್ರದ ವಿದ್ಯಾರ್ಥಿನಿಯಾಗಿ, ಈ ಹುಡುಕಾಟದ ಬಗ್ಗೆ ನಾನು ತಿಳಿದುಕೊಂಡದ್ದನ್ನು ಇಲ್ಲಿ ಹಂಚಿಕೊಳ್ಳುತ್ತೇನೆ.

ಇದಕ್ಕೆ ಎರಡು ದಾರಿಗಳಿವೆ. ಒಂದು, ನಾವೇ ಹೋಗುವ ದಾರಿ. ಹ್ಯಾಶ್‌ಟ್ಯಾಗ್ ಹುಡುಕುತ್ತೇವೆ, ಪತ್ರಕರ್ತರನ್ನೋ ಹೋರಾಟಗಾರರನ್ನೋ ಫಾಲೋ ಮಾಡುತ್ತೇವೆ, ಗೆಳತಿ ಕಳಿಸಿದ ಲಿಂಕ್ ಒತ್ತಿ ಗುಂಪು ಸೇರುತ್ತೇವೆ. ಇನ್ನೊಂದು, ಜಾಲತಾಣವೇ ನಮ್ಮನ್ನು ಕರೆದೊಯ್ಯುವ ದಾರಿ. ಯಾವುದಕ್ಕೆ ಲೈಕ್ ಒತ್ತಿದೆವು, ಯಾವ ವೀಡಿಯೊವನ್ನು ಕೊನೆಯವರೆಗೆ ನೋಡಿದೆವು ಎಂಬ ಲೆಕ್ಕವಿಟ್ಟು ಅಂಥದ್ದನ್ನೇ ಮತ್ತೆ ಮುಂದಿಡುತ್ತದೆ. ಸಿಟ್ಟು ಬರಿಸುವ ಪೋಸ್ಟ್ ಮುಂದೆ ಹೆಚ್ಚು ಹೊತ್ತು ನಿಂತರೆ ಅಂಥವೇ ಹೆಚ್ಚು ಬರುತ್ತವೆ. ಉಗ್ರವಾದಿ ಗುಂಪುಗಳಿಗೆ ಆಗುವ ಸೇರ್ಪಡೆಗಳಲ್ಲಿ ಶೇ. 64ರಷ್ಟು ಕಂಪನಿಯ ಶಿಫಾರಸಿನಿಂದಲೇ ಆಗುತ್ತಿವೆ ಎಂದು 2016ರಲ್ಲಿ ಫೇಸ್‌ಬುಕ್‌ನ ಒಳಗಿನ ವರದಿಯೇ ಹೇಳಿತ್ತು. 2020ರಲ್ಲಿ ಇದು ಪತ್ರಿಕೆಯಲ್ಲಿ ಬಯಲಾಯಿತು. ರಾಜಕೀಯ ಗುಂಪುಗಳನ್ನು ಇನ್ನು ಶಿಫಾರಸು ಮಾಡುವುದಿಲ್ಲ ಎಂದು 2021ರ ಜನವರಿಯಲ್ಲಿ ಕಂಪನಿ ಘೋಷಿಸಿತು.

ಹಾಗಾದರೆ ಜಾಲತಾಣದಲ್ಲಿ ಒಟ್ಟುಗೂಡುವುದೇ ತಪ್ಪೇ? ಹಾಗೇನಿಲ್ಲ. ಈಜಿಪ್ಟಿನ ಉದಾಹರಣೆ ಇದರ ಎರಡೂ ಮುಖಗಳನ್ನು ತೋರಿಸುತ್ತದೆ.

2010ರ ಜೂನ್‌ನಲ್ಲಿ ಅಲೆಕ್ಸಾಂಡ್ರಿಯಾ ನಗರದಲ್ಲಿ ಖಾಲಿದ್ ಸಯೀದ್ ಎಂಬ 28 ವರ್ಷದ ಯುವಕನನ್ನು ಪೊಲೀಸರು ಹೊಡೆದು ಕೊಂದರು. ಗೂಗಲ್ ಉದ್ಯೋಗಿ ವಾಯಿಲ್ ಘೊನೀಮ್ ತಮ್ಮ ಹೆಸರು ಹೇಳದೆ "ನಾವೆಲ್ಲರೂ ಖಾಲಿದ್ ಸಯೀದ್" ಎಂಬ ಫೇಸ್‌ಬುಕ್ ಪುಟ ತೆರೆದರು. ಕೆಲವೇ ದಿನಗಳಲ್ಲಿ ಲಕ್ಷಕ್ಕೂ ಹೆಚ್ಚು ಜನ ಸೇರಿದರು. ತುರ್ತು ಕಾನೂನಿನಿಂದಾಗಿ ಗುಂಪು ಸೇರುವಂತಿರಲಿಲ್ಲ. ಆಗ ಸದಸ್ಯರೊಬ್ಬರು ಕೊಟ್ಟ ಸಲಹೆಯಂತೆ ಜನರು ಕಪ್ಪು ಬಟ್ಟೆ ತೊಟ್ಟು, ಒಬ್ಬರಿಂದೊಬ್ಬರು ದೂರ ದೂರ, ಸಮುದ್ರಕ್ಕೆ ಮುಖಮಾಡಿ ಮೌನವಾಗಿ ನಿಂತರು. ಕೆಲವರ ಕೈಯಲ್ಲಿ ಕುರ್‌ಆನ್ ಇತ್ತು, ಕೆಲವರ ಕೈಯಲ್ಲಿ ಬೈಬಲ್. 2011ರ ಜನವರಿ 25ರ ಪ್ರತಿಭಟನೆಗೂ ಈ ಪುಟ ಕರೆ ಕೊಟ್ಟಿತು. ಫೆಬ್ರವರಿ 11ರಂದು ಅಧ್ಯಕ್ಷ ಹೊಸ್ನಿ ಮುಬಾರಕ್ ಅಧಿಕಾರ ಬಿಟ್ಟರು.

ಆಮೇಲೆ ಅದೇ ಜನ ಸೇನೆಯ ಪರ, ಧಾರ್ಮಿಕ ಪಕ್ಷಗಳ ಪರ ಎಂದು ಒಡೆದುಹೋದರು. ಸುಳ್ಳು ಸುದ್ದಿಗಳು, ಬೈಗುಳಗಳು ತುಂಬಿಕೊಂಡವು. ನಮ್ಮನ್ನು ಒಂದುಗೂಡಿಸಿದ ಸಾಧನವೇ ನಮ್ಮನ್ನು ಒಡೆಯಿತು ಎಂಬರ್ಥದ ಮಾತನ್ನು 2015ರಲ್ಲಿ ಘೊನೀಮ್ ಅವರೇ ಆಡಿದರು. ಒಂದನ್ನು ವಿರೋಧಿಸಲು ಒಂದಾದವರೆಲ್ಲ ಮುಂದೇನು ಬೇಕು ಎಂಬುದರಲ್ಲಿ ಒಂದೇ ಮನಸ್ಸಿನವರಾಗಿರುವುದಿಲ್ಲ ಎಂಬುದು ಇದರಿಂದ ನಾನು ಕಲಿತ ಪಾಠ.

ಆದ್ದರಿಂದ ಯಾವುದೇ ಗುಂಪು ಸೇರುವ ಮುನ್ನ ನಾನು ಮೂರು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದನ್ನು ನಾನು ಹುಡುಕಿದೆನೋ, ಇದು ತಾನಾಗಿ ಕಣ್ಣಮುಂದೆ ಬಂತೋ? ಇಲ್ಲಿ ಯಾರಾದರೂ "ಇದಕ್ಕೆ ಆಧಾರವೇನು?" ಎಂದು ಕೇಳಿದರೆ ಉತ್ತರ ಸಿಗುತ್ತದೆಯೋ, ಕೇಳಿದವರನ್ನೇ ಹೊರಹಾಕುತ್ತಾರೋ? ಒಂದು ವಾರ ಓದಿದ ಮೇಲೆ ಹೊಸ ವಿಷಯ ತಿಳಿಯಿತೋ, ಬರೀ ಸಿಟ್ಟು ಹೆಚ್ಚಿತೋ? ಹುಡುಗಿಯರಿಗೆ ಇನ್ನೊಂದು ಕಿವಿಮಾತು: ವಾಟ್ಸಾಪ್ ಗುಂಪಿನಲ್ಲಿ ನಮ್ಮ ನಂಬರ್ ಸಾಮಾನ್ಯವಾಗಿ ಅಪರಿಚಿತ ಸದಸ್ಯರಿಗೂ ಕಾಣುತ್ತದೆ.

ನಮ್ಮ ಬೆಂಚಿನಲ್ಲಿ ಪಕ್ಕದಲ್ಲೇ ಕೂತವಳು ನಮ್ಮ ಅಭಿಪ್ರಾಯವನ್ನು ಒಪ್ಪದಿರಬಹುದು. ಅವಳನ್ನು ಬ್ಲಾಕ್ ಮಾಡಲಾಗದು, ಮಾತನಾಡಿಯೇ ತೀರಬೇಕು. ಮತ ಹಾಕುವ ಮುನ್ನ ಈ ಅಭ್ಯಾಸವೂ ನಮಗೆ ಬೇಕು.